ನಲವತ್ತು ಗುಲಗಂಜಿ

ಮೂವತ್ತೆಂಟು ವರ್ಷ ಊದುಕೊಳವೆಯ ಮೇಲೆ ಬಾಗಿದ ಕತ್ತು
ಎತ್ತಲು ಬಾರದೆ, ಜವೇರಿ ಬಜಾರಿನಿಂದ ಠಾಕುರ್‌ದ್ವಾರದವರೆಗೆ
ನನ್ನ ಚಪ್ಪಲಿಯನ್ನೇ ನೋಡುತ್ತಾ ನಡೆದೆ.
ಎರಡನೇ ಮಾಳಿಗೆ. ಮಲಗಿ, ಅಂದರು ಪೆರಿನ್‌ಬಾಯಿ.
ಲಟಕ್ಕನೆ ಮುರಿಯುತ್ತಾರೆಂದು ಹಲ್ಲು ಕಚ್ಚಿದೆ.

ಏನೂ ಮಾಡಲಿಲ್ಲ.
ಅಂಗೈ ಬಟ್ಟಲಲ್ಲಿ ತಲೆ ಇಟ್ಟುಕೊಂಡು ಕೂತರು,
ತೋರುಬೆರಳು ಕಣ್ಣಂಚಿನ ಹಿಂದೆ, ಕಿರುಬೆರಳು ಹಿಂದಲೆಗೆ,
ನಡುವೆ ಕಿವಿ.
ಭಾರ ತೂಗುವುದು ನನ್ನ ಅನ್ನ, ಹೇಳಬಲ್ಲೆ:
ನಲವತ್ತು ಗುಲಗಂಜಿ, ಹೆಚ್ಚಿಲ್ಲ.
ಒಂದು ಮದುವೆಯುಂಗುರ.

ಏನು ನೋಡುತ್ತಿದ್ದೀರಿ?
ಭರತ, ಇಳಿತ.
ನಾಡಿಯಲ್ಲ, ಉಸಿರೂ ಅಲ್ಲ, ಎರಡಕ್ಕಿಂತ ನಿಧಾನದ್ದು,
ನಿಮಿಷಕ್ಕೆ ಹತ್ತೋ ಹನ್ನೆರಡೋ ಸಲ
ತಲೆ ಕೂದಲೆಳೆಯಷ್ಟು ಅಗಲವಾಗಿ
ಮತ್ತೆ ನೀಳವಾಗುತ್ತದಂತೆ.
ಮಿದುಳ ಸುತ್ತಲ ನೀರು ಏರಿದರೆ
ಬೆನ್ನ ಬುಡದ ಮುಮ್ಮೂಲೆ ಎಲುಬೂ ವಾಲುತ್ತದಂತೆ,
ಎರಡಕ್ಕೂ ಒಂದೇ ಪೊರೆ.
ಅಷ್ಟು ತಿಳಿಯಿತು. ಸರದ ಕೊಂಡಿ ಅಲುಗಿದರೆ
ಪದಕ ಸುಮ್ಮನಿರುವುದುಂಟೆ?

ಆದರೆ ತಲೆಬುರುಡೆ? ಇಪ್ಪತ್ತೆರಡು ತುಂಡು, ಎಲ್ಲ ಬೆಸೆದದ್ದು.
ಬೆಸುಗೆ ಅಲುಗಿದರೆ, ಪೆರಿನ್‌ಬಾಯಿ,
ಗಿರಾಕಿ ಮಾಲು ವಾಪಸು ತರುತ್ತಾನೆ.
ನಕ್ಕರು. ಬೆಸುಗೆಯಲ್ಲ ಶೇಟ್‌ಜೀ,
ಗರಗಸದ ಹಲ್ಲಿಗೆ ಹಲ್ಲು ಕೂರಿಸಿದ್ದು.
ಎಡೆಯಲ್ಲಿ ತುಸು ಜಾಗ ಉಂಟೆಂದು ಕಲಿಸಿದವರು ಅನ್ನುತ್ತಿದ್ದರು,
ಇಲ್ಲ ಎನ್ನುವ ಡಾಕ್ಟರರೇ ಹೆಚ್ಚು.
ಒಂದೇ ತಲೆಗೆ ಇಬ್ಬರು ಕೈಯಿಟ್ಟರೆ
ಲೆಕ್ಕ ಎರಡು ಬರುತ್ತದೆ, ಅದೂ ನಿಜ.

ಮಚ್ಚೆ ಎಷ್ಟೆಂದು ಮುಚ್ಚಿಡದ ಅಂಗಡಿ ಅಪರೂಪ.
ಕಣ್ಣು ಮುಚ್ಚಿದೆ.
ಕೆಳಗೆ ಬಸ್ಸು, ಕುಲ್ಫಿಯವನ ಗಂಟೆ, ಯಾರೋ ಮೆಟ್ಟಿಲಲ್ಲಿ ಜಗಳ.
ಎಷ್ಟೋ ಹೊತ್ತಿಗೆ ಎಲ್ಲ ಒಂದು ಗಳಿಗೆ ನಿಂತಿತು,
ತಕ್ಕಡಿಯ ಮುಳ್ಳು ನಡುಗಿ ನಡುಗಿ
ನಡುವಿಗೆ ಬಂದ ಹಾಗೆ.
ಅದು ಅವರ ಕೈಯೋ ನನ್ನ ನಿದ್ದೆಯೋ ಗೊತ್ತಿಲ್ಲ.

ಕತ್ತು ಇವತ್ತೂ ಪೂರ್ತಿ ಏಳುವುದಿಲ್ಲ.
ಮಧ್ಯಾಹ್ನ, ಕುಲುಮೆ ಆರಿದ ಮೇಲೆ,
ಉಂಡು ನೆಲದಲ್ಲಿ ಮಲಗಿದ್ದ ಮೇದಿನಿಪುರದ ಹುಡುಗ ನಿತಾಯಿಯ
ತಲೆಯಡಿ ಮೆಲ್ಲಗೆ ಅಂಗೈ ತೂರಿಸಿದೆ.
ಎಣಿಸಿದೆ, ಹನ್ನೊಂದು.
ಮತ್ತೆ ಎಣಿಸಿದೆ, ಒಂಬತ್ತು.
ಇದು ಅವನದೋ, ನನ್ನ ಬೆರಳ ತುದಿಯದೋ ಎಂದು
ಮೂರನೇ ಸಲ ಶುರುಮಾಡುವಾಗ
ಬೆಚ್ಚಿ ಎದ್ದು ಕೂತ.

ಏನೂ ಕದ್ದಿಲ್ಲ ಮಾಲೀಕ್, ಅಂದ.
ಬಿಳಿ ಹಾಳೆಯ ಮೇಲೆ ಬಗ್ಗಿ
ಕೂದಲು ಕೊಡವಿ ತೋರಿಸಿದ.