ಹನ್ನೊಂದನೇ ನಿಮಿಷ

ಈ ಬೆಳಕು ಕಾಣುವುದಿಲ್ಲ.
ಕಂಡರೆ ಅದೇ ಕೊನೆಯ ನೋಟವೆಂದು
ಹಳದಿ ತ್ರಿಕೋನದ ಕೆಳಗೆ ಮರಾಠಿಯಲ್ಲಿ ಬರೆದಿದೆ.
ಕಾಣುವುದು ಅದು ಮುಟ್ಟಿದ ಜಾಗ ಮಾತ್ರ:
ಅಲ್ಯುಮಿನಿಯಂ ಮುಚ್ಚಳದ ಅಂಚಿನಲ್ಲಿ ಹರಿಯುವ
ಅಕ್ಕಿಕಾಳಿಗಿಂತ ಚಿಕ್ಕ ಕೊಳ,
ಅದರ ನಡುವೆ ಆವಿಯೇ ತೋಡಿ ಆವಿಯೇ ತೆರೆದಿಟ್ಟ ಬಾವಿ.
ಮುಚ್ಚಿಕೊಳ್ಳಲು ನೆಪ ಹುಡುಕುತ್ತಲೇ ಇರುತ್ತದೆ.

ಭೋಸರಿ ಎಂಐಡಿಸಿ, ಜೆ ಬ್ಲಾಕು, ರಾತ್ರಿ ಪಾಳಿ.
ಬ್ಯಾಟರಿ ಡಬ್ಬಿಗೆ ಬೆಸುಗೆ ಹಾಕುವ ಈ ಯಂತ್ರಕ್ಕೆ
ಬುದ್ಧಿ ಹೇಳುವ ಕೆಲಸ ನನ್ನದು.
ಐವತ್ತು ಮೈಕ್ರೋಸೆಕೆಂಡಿಗೊಮ್ಮೆ ಅದು ಕೊಳವನ್ನು ನೋಡಬೇಕು,
ಅಳೆಯಬೇಕು, ಬಿಸಿ ಏರಿಸಬೇಕು ಇಲ್ಲ ಇಳಿಸಬೇಕು,
ಮತ್ತೆ ನೋಡಬೇಕು.
ನಾನೊಮ್ಮೆ ರೆಪ್ಪೆ ಬಡಿಯುವುದರೊಳಗೆ ಆರು ಸಾವಿರ ಸಲ.
ತಡವಾಗಿ ಬಂದ ಸರಿ ಉತ್ತರಕ್ಕೆ
ಇಲ್ಲಿ ತಪ್ಪು ಉತ್ತರವೆಂದೇ ಹೆಸರು.

ಆದರೂ ಹನ್ನೊಂದು ನಿಮಿಷಕ್ಕೊಂದು ಡಬ್ಬಿ ಸೋರುತ್ತಿತ್ತು.
ಸೂಜಿಮೊನೆಯಷ್ಟು ತೂತು.

ನಾಲ್ಕು ರಾತ್ರಿ.
ಲೆನ್ಸು ಒರೆಸಿದೆ, ಗ್ಯಾಸಿನ ಸಿಲಿಂಡರು ಬದಲಿಸಿದೆ,
ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸು ನೆಲ ಅದುರಿಸುತ್ತಿದೆಯೆಂದು
ಪಟವರ್ಧನ್ ಸಾಹೇಬರಿಗೆ ಮೇಲ್ ಬರೆದು ಅಳಿಸಿದೆ.
ಚಿತ್ರಗಳಲ್ಲಿ ಏನೂ ಇಲ್ಲ.
ಒಂದರ ಹಿಂದೊಂದು ಬೂದುಬಣ್ಣದ ಹುಣ್ಣಿಮೆ,
ಒಂದಕ್ಕೂ ಗ್ರಹಣವಿಲ್ಲ.

ಆಪರೇಟರು ಶಕೀಲ್ ಮುಲಾನಿ.
ಇಪ್ಪತ್ತೆರಡು ವರ್ಷ ಟಾರ್ಚು ಹಿಡಿದ ಕೈ
ಈಗ ಹಸಿರು ಗುಂಡಿ ಒತ್ತುತ್ತದೆ.
ಅಕ್ಕಲಕೋಟೆ ಕಡೆಯವನು: ನನ್ನ ಜೊತೆ ಕನ್ನಡ,
ಯಂತ್ರದ ಜೊತೆ ಮರಾಠಿ, ಬೈಯಲು ಹಿಂದಿ.
ಐದನೇ ರಾತ್ರಿ, ಯಂತ್ರಕ್ಕೆ ಬೆನ್ನು ಮಾಡಿ ತಂಬಾಕು ತಿಕ್ಕುತ್ತಿದ್ದವನು
‘ಈಗ ಬಿತ್ತು ನೋಡ್ರಿ ಮೇಡಂ’ ಅಂದ.
ಪರದೆಯಲ್ಲಿ ಏನೂ ಬಿದ್ದಿರಲಿಲ್ಲ.
‘ಸಪ್ಪಳ ಕೇಳ್ರಿ. ಎಣ್ಯಾಗ ಭಜಿ ಕರದಂಗ ಇರ್ತದ.
ನಡುವ ಒಮ್ಮೆ ಉಸಿರು ನುಂಗತದ.’

ಆ ಡಬ್ಬಿಯನ್ನು ಕೊಯ್ದೆವು. ರಾಳದಲ್ಲಿ ಹುದುಗಿಸಿ,
ಕನ್ನಡಿಯಾಗುವ ತನಕ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆವು.
ಇತ್ತು.

ಚಿತ್ರಗಳನ್ನು ನೋಡುವುದು ಬಿಟ್ಟು
ಅವುಗಳ ನಂಬರು ಓದತೊಡಗಿದೆ.
೨೧,೧೩೭. ೨೧,೧೩೮.
ಅದರ ಪಕ್ಕ ೨೧,೧೪೭.
ನಡುವಿನ ಎಂಟು ಎಲ್ಲಿ?

ಮಾರ್ಚಿನಲ್ಲಿ ನಾನೇ ಸೇರಿಸಿದ ಹತ್ತು ಸಾಲು.
ಗಿರಾಕಿಗೆ ಪುರಾವೆ ಬೇಕಿತ್ತು; ಕಂಡದ್ದನ್ನೆಲ್ಲ ಕೂಡಿಟ್ಟು
ಹನ್ನೊಂದು ನಿಮಿಷಕ್ಕೊಮ್ಮೆ ಡಿಸ್ಕಿಗೆ ಬರೆಯುವ ಕೆಲಸ.
ಅದಕ್ಕೆ ಆದ್ಯತೆ ಕೊಡುವಾಗ, ಊಟಕ್ಕೆ ತಡವಾಗಿತ್ತೋ ಏನೋ,
ಒಂದಂಕಿ ಹೆಚ್ಚು ಕೊಟ್ಟಿದ್ದೆ.
ಕಂಡದ್ದನ್ನು ಬರೆದಿಡುವ ಭರದಲ್ಲಿ
ಕಾಣುವುದನ್ನೇ ಬಿಟ್ಟಿತ್ತು ಅದು, ನಾನ್ನೂರು ಮೈಕ್ರೋಸೆಕೆಂಡು.
ಬಾವಿಗೆ ಅಷ್ಟು ಸಾಕು.

ಒಂದಂಕಿ ಇಳಿಸಿದೆ. ಕಾದೆವು, ಬೆಳಗಿನ ಜಾವದವರೆಗೆ,
ಹದಿನಾರು ಸಲ ಹನ್ನೊಂದನೇ ನಿಮಿಷ.
ಪ್ರತಿ ಸಲ ಶಕೀಲ್ ಕಣ್ಣುಮುಚ್ಚಿ ತಲೆಯಾಡಿಸಿದ: ನುಂಗಲಿಲ್ಲ.
ಗೇಟಿನ ಹೊರಗೆ ಚಹಾದವನು ಫೋನಿನಲ್ಲಿ ಜಗಳವಾಡುತ್ತಲೇ,
ಪಾತ್ರೆಯತ್ತ ತಿರುಗದೆ,
ಉಕ್ಕುವ ಕ್ಷಣಕ್ಕೆ ಸರಿಯಾಗಿ ಉರಿ ತಗ್ಗಿಸಿದ.
ನಾವಿಬ್ಬರೂ ನಕ್ಕೆವು, ಯಾಕೆಂದು ಅವನಿಗೆ ತಿಳಿಯಲಿಲ್ಲ.

ವರದಿಯಲ್ಲಿ ‘ದೋಷ ಪತ್ತೆಯಾದದ್ದು’ ಎಂಬ ಕಲಂ.
ಕ್ಯಾಮೆರಾ, ಸೋರಿಕೆ ಪರೀಕ್ಷೆ, ಎಕ್ಸ್‌ರೇ, ಇತರೆ.
‘ಇತರೆ’ಗೆ ಗೆರೆ ಹಾಕಿ, ಎದುರಿಗೆ ಅವನ ಹೆಸರು ಬರೆದೆ.
ಪಟವರ್ಧನ್ ಸಾಹೇಬರು ಖುಷಿಯಾದರು.
ವಾರದೊಳಗೆ ಒಂದು ಮೈಕ್ ತರಿಸಿದರು, ಕೊರಿಯಾದ್ದು,
ಹೆಬ್ಬೆರಳ ಉಗುರಿನಷ್ಟು.

ಎಲ್ಲಿ ಕೂರಿಸೋಣ, ಶಕೀಲ್‌ನನ್ನೇ ಕೇಳಿದೆ.
ಅವನು ಸ್ವಲ್ಪ ಹೊತ್ತು ಕೇಳಿಸಿಕೊಂಡ, ನನ್ನನ್ನಲ್ಲ.
ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು
ತಾನು ದಿನಾ ನಿಲ್ಲುವ ಜಾಗ ತೋರಿಸಿದ.