ಸೊನ್ನೆಯ ಪೆಟ್ಟಿಗೆ

ತಾರ್ತುವಿನ ಗ್ರಂಥಾಲಯ, ಎರಡನೆಯ ಮಹಡಿ, ಮಾರ್ಚ್.
ಕಿಟಕಿಯಾಚೆ ಎಮಯೊಗಿ ನದಿಯಲ್ಲಿ
ಒಡೆದ ಮಂಜಿನ ಹಲಗೆಗಳು ಒಂದನ್ನೊಂದು ತಳ್ಳುತ್ತಿವೆ.
ನನ್ನ ಕೆಲಸ ಇವತ್ತು ಸುಮ್ಮನೆ ಕೂರುವುದು.
ನಾನು ಬರೆದ ಮೊದಲ ಪಾಠವನ್ನು
ಇನ್ನೊಬ್ಬರು ಓದುವಾಗ
ಬಾಯಿಗೆ ಬೀಗ ಹಾಕಿಕೊಂಡು ನೋಡುವುದು.

ಲೆಂಬಿತ್ ಬಂದರು. ಅರವತ್ತೆಂಟು ದಾಟಿದೆ.
ಮೂವತ್ತು ವರ್ಷ ರೈಲು ಓಡಿಸಿದ ಕೈ
ಈಗ ಹದಿನಾಲ್ಕು ಜೇನುಪೆಟ್ಟಿಗೆ ನೋಡಿಕೊಳ್ಳುತ್ತದೆ.
ವಾರಕ್ಕೊಮ್ಮೆ ಒಂದೊಂದನ್ನೂ ತೂಗುತ್ತಾರಂತೆ,
ಆ ಲೆಕ್ಕಕ್ಕೊಂದು ಪ್ರೋಗ್ರಾಂ ಬೇಕಂತೆ.
"ಸಿದ್ಧವಾದದ್ದೇ ಸಿಗುತ್ತದಲ್ಲ?" ಎಂದೆ.
"ಪೆಟ್ಟಿಗೆಯೂ ಸಿಗುತ್ತದೆ," ಎಂದರು,
"ನಾನೇ ಹಲಗೆ ಕೊಯ್ದು ಮಾಡಿಕೊಂಡೆ."

ನನ್ನ ಮೊದಲ ಸಾಲು: ‘ಟರ್ಮಿನಲ್ ತೆರೆಯಿರಿ.’
ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.
ಅವರ ಲೋಕದಲ್ಲಿ ಟರ್ಮಿನಲ್ ಎಂದರೆ
ಹಡಗು ಹತ್ತುವ ಕಟ್ಟಡ,
ಕಾಫಿ ಇರುತ್ತದೆ, ದೊಡ್ಡ ಗಡಿಯಾರ ಇರುತ್ತದೆ.
ಇಲ್ಲಿ ಬಾಗಿಲೇ ಇಲ್ಲ.

ಎರಡನೆಯ ಸಾಲಿನ ತಲೆಯ ಮೇಲೆ ನಾನಿಟ್ಟ ಡಾಲರ್ ಚಿಹ್ನೆ
ಟೈಪು ಮಾಡಲಿಕ್ಕಲ್ಲ ಅನ್ನುವುದು
ಎಲ್ಲರಿಗೂ ಗೊತ್ತು,
ಗೊತ್ತಿರುವ ಎಲ್ಲರಿಗೂ.
ಲೆಂಬಿತ್ ಅದನ್ನೂ ಒತ್ತಿದರು, ಒಂದೇ ಬೆರಳಲ್ಲಿ,
ಸಿಗ್ನಲ್ಲಿಗೆ ತಲೆಬಾಗುವ ಶ್ರದ್ಧೆಯಲ್ಲಿ.
ಪರದೆ ಏನೋ ಒರಟಾಗಿ ಅಂದಿತು.
"ನನ್ನದೇ ತಪ್ಪು," ಅಂದರು, ಕೀಲಿಮಣೆಗೆ.
ಅಲ್ಲ ಅನ್ನಲು ಬಾಯಿ ತೆರೆದೆ.
ನಿಯಮ ನೆನಪಾಯಿತು.
ಮುಚ್ಚಿದೆ.

ಆ ರಾತ್ರಿ ನನ್ನ ಪುಟಗಳಲ್ಲಿ ಎಣಿಸಿದೆ:
‘ಸುಮ್ಮನೆ ಹೀಗೆ ಮಾಡಿ’ ಹನ್ನೊಂದು ಸಲ,
‘ಸುಲಭವಾಗಿ’ ಒಂಬತ್ತು,
‘ನಿಮಗೆ ತಿಳಿದಿರುವಂತೆ’ ಮೂರು.
ಏಣಿಯ ಮೆಟ್ಟಿಲು ಮುರಿದ ಕಡೆಯೆಲ್ಲ
ಬಣ್ಣದ ರಿಬ್ಬನ್ ಕಟ್ಟಿದ್ದೆ.
ಕಟ್ಟುವಾಗ ಕೈ ನಡುಗಿರಲಿಲ್ಲ.

ಇದು ಗೊತ್ತಿಲ್ಲದ ದಿನ ನಾನು ಹೇಗಿದ್ದೆ?
ಎಷ್ಟು ಕೆದಕಿದರೂ ಸಿಗುತ್ತಿಲ್ಲ.
ಈಜು ಬಂದವಳಿಗೆ ನೀರಿನ ಭಯವಾದರೂ ನೆನಪಿದ್ದೀತು,
ಮೊದಲ ದಿನ ಕಾಲು ಎಲ್ಲಿ ಹೋಯಿತು,
ಕೈ ಏನು ಹಿಡಿಯಿತು,
ಅದು ನೀರಿಗೇ ಗೊತ್ತು.
ಅದಕ್ಕೇ ಲೆಂಬಿತ್ ಬೇಕು. ಇನ್ನೂ ಎಂಟು ಮಂಗಳವಾರ ಬಂದರು.

ಹೊಸ ಪುಟದಲ್ಲಿ ತಪ್ಪಿಗೂ ಜಾಗ ಕೊಟ್ಟೆ:
ಹೀಗೆ ಕೆಂಪಾಗಿ ಬಂದರೆ ಹೆದರಬೇಡಿ,
ಕೊನೆಯ ಸಾಲನ್ನು ಮೊದಲು ಓದಿ,
ಅದರಲ್ಲಿ ಯಾವ ಸಾಲೆಂದು ಇರುತ್ತದೆ.
"ಇಷ್ಟುದ್ದ ಆದರೆ ಯಾರು ಓದುತ್ತಾರೆ?" ಎಂದ ರೈನ್,
ನನ್ನ ಪಕ್ಕದ ಮೇಜಿನವನು, ಚಿಕ್ಕದ್ದೇ ಚೆಂದ ಅನ್ನುವವನು.
ಉತ್ತರ ಇರಲಿಲ್ಲ. ಅರ್ಧ ಪುಟ ಕಡಿದೆ,
ಮಾರನೆಯ ದಿನ ಕಾಲು ಪುಟ ಮತ್ತೆ ಅಂಟಿಸಿದೆ.

ಪಟ್ಟಿಗಳ ಪಾಠ ಬಂತು.
‘ಎಣಿಕೆ ಸೊನ್ನೆಯಿಂದ ಶುರು. ರೂಢಿಯಾಗುತ್ತದೆ.’
ಲೆಂಬಿತ್ ಬೆರಳು ನಿಂತಿತು.
"ನನ್ನ ಪೆಟ್ಟಿಗೆಗಳ ಮೇಲೆ ಒಂದು, ಎರಡು ಎಂದು
ಬಣ್ಣದಲ್ಲಿ ಬರೆದಿದೆ. ಹದಿನಾಲ್ಕನ್ನೂ ಕೆರೆದು ತೆಗೆಯಲೇ?"
ನಾನು ಸೊನ್ನೆಯ ವಂಶಾವಳಿ ಹೇಳಲು ಹೊರಟೆ,
ನೆನಪಿನ ಕೋಣೆ, ಅದರ ವಿಳಾಸ, ದೂರ.
ಅವರು ನದಿ ನೋಡುತ್ತಿದ್ದರು.
ಹಲಗೆಗಳು ಕರಗಿ ಎಷ್ಟೋ ದಿನವಾಗಿತ್ತು.
"ಇರಲಿ," ಎಂದರು ಕೊನೆಗೆ,
"ಸಾಲಿನ ಮೊದಲಿಗೆ ಒಂದು ಖಾಲಿ ಪೆಟ್ಟಿಗೆ ಇಡುತ್ತೇನೆ.
ಗೂಡು ಬಿಟ್ಟ ಹಿಂಡು ಬಂದು ಕೂತರೂ ಕೂತೀತು.
ಅದು ಸೊನ್ನೆ. ಮಿಕ್ಕವು ಅವವೇ."

‘ರೂಢಿಯಾಗುತ್ತದೆ’ ಅಳಿಸಿದೆ.
ಆ ಜಾಗದಲ್ಲಿ ಏನು ಬರೆಯಬೇಕೆಂದು
ಮೂರು ವಾರ ತಿಳಿಯಲಿಲ್ಲ, ಬಿಳಿಯಾಗಿಯೇ ಇತ್ತು.

ಜೂನ್. ಹತ್ತೂವರೆಗೂ ಆರದ ಬೆಳಕು.
ಲೆಂಬಿತ್ ಕಳಿಸಿದ ಚಿತ್ರದಲ್ಲಿ ಪರದೆ ಓರೆ,
ಮೂಲೆಯಲ್ಲಿ ಅವರ ಹೆಬ್ಬೆರಳು.
ಹದಿನೈದು ಸಾಲು, ಹದಿನೈದು ತೂಕ.
ಮೊದಲ ಸಾಲಿನಲ್ಲಿ ಸೊನ್ನೆ, ಅದರ ಮುಂದೆ
ಖಾಲಿ ಪೆಟ್ಟಿಗೆಯ ತೂಕ ಕಳೆದು
ಎರಡು ಕಿಲೋ ನೂರು ಗ್ರಾಂ.

ಕೆಳಗೆ ಒಂದು ಮಾತು:
ನಾಲ್ಕನೆಯ ಪಾಠದಲ್ಲಿ ಆವರಣ ಚಿಹ್ನೆ ಮುಚ್ಚಿಲ್ಲ, ನೋಡು.