ಜೇಬಿನ ಒಳಮೈ

ನನ್ನದು ಕಟಿಂಗ್ ಮಾಸ್ಟರ್ ಕೈ.
ನಲವತ್ತು ಪದರ ಡೆನಿಮ್ಮು ಒಂದರ ಮೇಲೊಂದು ಹಾಸಿದರೂ
ಸೀಮೆಸುಣ್ಣದ ಗೆರೆ ಬಿಟ್ಟು ಒಂದು ನೂಲು ಅತ್ತಿತ್ತ ಹೋಗಲ್ಲ.
ಬಳ್ಳಾರಿಯ ಮಿಲ್ಲರ್‌ಪೇಟೆಯಲ್ಲಿ ಕೇಳಿ ನೋಡಿ.
ಅದೇ ಕೈ
ಆಷಾಢದ ಒಂದು ಬೆಳಿಗ್ಗೆ ಮಗನ ಕೆನ್ನೆ ಮೇಲೆ ಬಿತ್ತು.
ಎರ್ರಿಸ್ವಾಮಿ. ಹತ್ತನೇ ಕ್ಲಾಸು. ಮೀಸೆ ಇನ್ನೂ ಪೆನ್ಸಿಲ್ ಗೀಟು.
ಅಳಲಿಲ್ಲ ಅವನು.
ಎಲ್ಲೋ ದೂರದ ಮನೆಯ ಬಾಗಿಲು ಬಡಿದ ಹಾಗೆ
ಸುಮ್ಮನೆ ಆ ಕಡೆ ನೋಡಿದ.

ಮೈಮೇಲೆ ಒಂದು ಗೀರಿಲ್ಲ ಅವನಿಗೆ.
ಅದನ್ನೇ ಎಲ್ಲರಿಗೂ ಹೇಳಿದೆವು, ಕಾಯಿ ಒಡೆಸಿದೆವು.
ಅದಿರಿನ ಲಾರಿ ಹಿಂದೆ ಹಿಂದೆ ಬಂದದ್ದು,
ಗಾಡಿ ಓಡಿಸುತ್ತಿದ್ದ ಶೇಕ್ಷಾವಲಿ ಅಲ್ಲೇ ಹೋದದ್ದು,
ಹಿಂದೆ ಕೂತು ಗಂಟು ಹಿಡಿದಿದ್ದ ನಮ್ಮವನು
ಗಂಟಿನ ಮೇಲೇ ಬಿದ್ದದ್ದು.
ಇಪ್ಪತ್ತೆಂಟು ಸೈಜಿನ ಅರವತ್ತು ಪ್ಯಾಂಟು
ನನ್ನ ಮಗನಿಗೆ ಹಾಸಿಗೆಯಾದವು.
ದೇವರು ದೊಡ್ಡವನು, ಅಂದೆ.
ಗೋಡೆಯಾಚೆ ಮಹಬೂಬ್‌ಬಿ ಕೇಳಿಸಿಕೊಂಡಿರಬೇಕು.

ಆಮೇಲೆ ಶುರುವಾಯಿತು.
ರಿವರ್ಸ್ ಬರುವ ಟೆಂಪೊದ ಕುಯ್ ಕುಯ್‌ಗೆ
ತಟ್ಟೆ ಬಿಟ್ಟು ಏಳುವುದು.
ಹೊಲಿದಿಟ್ಟ ಪ್ಯಾಂಟುಗಳ ಜೇಬು
ಒಂದೊಂದೇ ಹೊರಗೆಳೆದು ನೋಡುವುದು.
ಏನು ಹುಡುಕ್ತೀಯೋ ಅಂದರೆ, ಏನಿಲ್ಲ.
ಸ್ಕೂಲಿನಲ್ಲಿ ಸೋಮಾರಿ ಅಂದರು,
ಅವನ ಸೋದರಮಾವ ಮೊಬೈಲು ಅಂದ,
ನಮ್ಮಮ್ಮ ಗಾಳಿ ಅಂದು ನಿಂಬೆಹಣ್ಣು ನಿವಾಳಿಸಿದಳು,
ನಾನು ಸೊಕ್ಕು ಅಂದೆ.
ಹೆಸರಿಡದವಳು ನನ್ನ ಹೆಂಡತಿ ಒಬ್ಬಳೇ.
ನಸುಕಿನಲ್ಲಿ ಮಾಳಿಗೆ ಹತ್ತಿ
ನೀಲಿ ಪ್ಯಾಂಟುಗಳ ಸಾಲಿನ ನಡುವೆ
ಒಂದು ಒದ್ದೆ ದುಪ್ಪಟಿ ಹರವುತ್ತಿದ್ದಳು
ನನಗೆ ಕಾಣದ ಹಾಗೆ, ಎರಡು ತಿಂಗಳು.

ಕಂಡ ದಿನವೇ ನಾನು ಹೊಡೆದದ್ದು.

ದೊಡ್ಡಾಸ್ಪತ್ರೆಯ ಆ ಸಾಲಿನಲ್ಲಿ
ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತೆ.
ಮುಂದಿದ್ದವನೂ ಸುತ್ತಿಕೊಂಡಿದ್ದ.
ಕೆಮ್ಮಿನಿಂದ ಗುರುತು ಸಿಕ್ಕಿತು: ಗುಂಡಿ ಅಂಗಡಿ ಜಂಬಣ್ಣ,
ಜೊತೆಗೆ ಮಗಳು, ಅಂಥಾ ಬಿಸಿಲಲ್ಲೂ ಮುಂಗೈ ಮುಚ್ಚುವ ತೋಳು.
ಇಬ್ಬರೂ ಮಾತಾಡಲಿಲ್ಲ.
ಅವನು ತುಸು ಸರಿದು ನನಗೂ ನೆರಳು ಬಿಟ್ಟ.

ಡಾಕ್ಟರಮ್ಮ ಲಾರಿಯ ಮಾತೇ ಎತ್ತಲಿಲ್ಲ.
ರಾತ್ರಿ ಎಷ್ಟಕ್ಕೆ ಎಚ್ಚರ ಆಗುತ್ತೆ,
ಆಗ ಮೊದಲು ಬಿಸಿಯಾಗೋದು ಕಿವಿಯೋ ಅಂಗೈಯೋ?
ಸಂತೆಯಲ್ಲಿ ಬೆಲೆ ಕೇಳಿದಷ್ಟು ಸಾದಾ.
ನಾಲ್ಕನೇ ಸಲ ಹೋದಾಗ
ನನ್ನನ್ನು ನೋಡದೆ, ನನಗೇ ಹೇಳಿದ:
“ನಾನೇ ಅಂದಿದ್ದು ಅವ್ನಿಗೆ, ಹೊಡಿಯಲೇ ಜೋರಾಗಿ ಅಂತ.
ಐದರೊಳಗೆ ಮಾಲು ವಾಷಿಂಗಿಗೆ ಮುಟ್ಟಲಿಲ್ಲಂದ್ರೆ
ನಮ್ಮಪ್ಪ ಬೈತಾನೆ ಅಂತ.
ಆಮೇಲೆ ಅವ್ನ ಜೇಬಿನಾಗೆ ಫೋನು ಬಡ್ಕಂತಾನೇ ಇತ್ತು.
ನಿಂದೇ.”

ಹೌದು. ಮೂರು ಸಲ ಮಾಡಿದ್ದೆ.
ಎತ್ತಲ್ಲ ನೋಡು ಈ ಹುಡುಗರು, ಅಂತ
ಪಕ್ಕದವನಿಗೆ ಹೇಳಿ ಬೀಡಿ ಹಚ್ಚಿದ್ದೆ.

ತಪ್ಪು ಹೊಲಿಗೆ ಬಿಚ್ಚುವುದು ನನ್ನ ಹೆಂಡತಿಯ ಕೆಲಸ.
ಎಳೀಬೇಡ, ಬಟ್ಟೆ ಹರಿಯುತ್ತೆ ಅಂತಾಳೆ ಹೊಸಬರಿಗೆ,
ಬಿಚ್ಚಿದ ಮೇಲೂ ಸೂಜಿ ತೂತು ಉಳೀತಾವೆ, ಉಳೀಲಿ ಅಂತಾಳೆ.
ಇಪ್ಪತ್ತು ವರ್ಷ ಅದನ್ನು ಬರೀ ಪ್ಯಾಂಟಿನ ಮಾತು ಅಂದುಕೊಂಡಿದ್ದೆ.

ಗುಳಿಗೆ ನಡೆದಿದೆ. ಪರೀಕ್ಷೆ ಈ ವರ್ಷ ಬೇಡ ಅಂದಿದ್ದೇವೆ.
ಮಹಬೂಬ್‌ಬಿ ಬಾಗಿಲು ಹಾಯಬಾರದೆಂದು
ಮೋರಿ ಜಿಗಿದು ಸುತ್ತುಹಾಕಿ ಹೋಗುವವನು
ನಿನ್ನೆ ಅಲ್ಲಿವರೆಗೂ ಹೋದ.
ಗುಂಡಿ ಹಚ್ಚುತ್ತಿದ್ದ ಆಕೆ ತಲೆ ಎತ್ತದೆ
ಮಣೆ ಸರಿಸಿದಳಂತೆ.
ಕೂರಲಿಲ್ಲ. ಬಂದುಬಿಟ್ಟ.

ರಾತ್ರಿ ಮೆಷಿನ್ನೆಲ್ಲ ನಿಂತ ಮೇಲೆ
ಮತ್ತೆ ಜೇಬು ತೆಗೆಯುತ್ತ ಕೂತ.
ನಾನೂ ಪಕ್ಕದಲ್ಲಿ ಕೂತು ಒಂದು ಪ್ಯಾಂಟು ಎಳೆದುಕೊಂಡೆ.
ಬಿಳಿ ಒಳಮೈ, ಮೂಲೆಯಲ್ಲಿ ದಾರದ ಚೂರು.
ಇದರಲ್ಲಿ ಇಲ್ಲ, ಅಂದೆ.
“ಹ್ಞೂಂ,” ಅಂದ, “ಇದ್ರಾಗೂ ಇಲ್ಲ.”
ಇನ್ನೂ ನಲವತ್ತಿದ್ದವು.